ಖಾಲಿ ಹನಿಯಲ್ಲೊಂದು ಮೊನೆ

ಮತ್ತೆ ಅಲ್ಲೇ ಏಳುತ್ತಿದೆ, ಪರದೆಯ ನಡುವಿಗಿಂತ ತುಸು ಬಲಕ್ಕೆ, ಅಡಿಯ ಅಂಕಿಗಳಲ್ಲಿ ಸಾವಿರದ ಮುನ್ನೂರ ಎಂಬತ್ತರ ಹತ್ತಿರ, ಔಷಧಿಯ ಮೊನೆ ಏಳುವ ಜಾಗದಲ್ಲೇ, ಮೊದಲ ಹತ್ತು ಸೆಕೆಂಡಿಗೆ ಹುಲ್ಲಿನ ತುದಿಯಷ್ಟು, ಎರಡನೆಯ ಹತ್ತಕ್ಕೆ ಉಗುರಿನಷ್ಟು, ಮೂರನೆಯದಕ್ಕೆ ಅನುಮಾನಕ್ಕೇ ಜಾಗವಿಲ್ಲದಷ್ಟು — ಏಳಬಾರದು, ಅಲ್ಲಿ ಏನೂ ಏಳಬಾರದು, ಅದು ಬರೀ ನೀರು, ಮೂರು ಸಲ ಶುದ್ಧ ಮಾಡಿದ ನೀರು, ಬೆಳ್ಳಿ ಬಳಿದ ಚೂರಿನ ಮೇಲೆ ಒಣಗಿದ ಒಂದೇ ಒಂದು ಹನಿ, ಈ ಕೋಣೆಯಲ್ಲಿ ಅದಕ್ಕೆ ಖಾಲಿ ಎಂದೇ ಹೆಸರು, ಔಷಧಿ ಬೆರೆಸದ ಹನಿ, ಏನೂ ಬೆರೆಸದ ಹನಿ, ಎರಡು ವರ್ಷದಿಂದ ಅವಳು ದಿನಾ ಬೆಳಿಗ್ಗೆ ತೆಗೆದ ಖಾಲಿಗಳಲ್ಲಿ ಗೆರೆ ಮಲಗಿಯೇ ಇರುತ್ತಿತ್ತು, ನಿದ್ದೆ ಹೋದ ಮಗುವಿನ ಹೊಟ್ಟೆಯಂತೆ ಸಣ್ಣಗೆ ಏರಿ ಇಳಿದು, ಅಷ್ಟೇ. ಇವತ್ತು ಮೊನೆ. ಬೆಳಿಗ್ಗೆ ಮೊದಲ ಸಲ ಕಂಡಾಗ ಪರದೆಯ ಮೇಲೆ ಧೂಳಿರಬೇಕು ಎಂದು ಸೀರೆಯ ಸೆರಗಿನಿಂದ ಒರೆಸಿದ್ದಳು, ಒರೆಸಿದ ಮೇಲೆ ತನಗೇ ನಾಚಿಕೆಯಾಯಿತು, ಧೂಳು ಎಲ್ಲಾದರೂ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆಯೇ, ಎರಡನೆಯ ಸಲ ಚೂರು ಬದಲಿಸಿದಳು, ಮೂರನೆಯ ಸಲ ನೀರಿನ ಬಾಟಲಿಯನ್ನೇ ಬದಲಿಸಿದಳು, ಈಗ ನಾಲ್ಕನೆಯದು, ಗಂಟೆ ಎರಡೂವರೆ, ನಾಲ್ಕಕ್ಕೆ ಲ್ಯಾಬಿನ ದೊಡ್ಡವರು ಬಂದು ಅಳತೆಗಳ ತಖ್ತೆಯ ಕೆಳಗೆ ಅವಳ ಸಹಿ ಕೇಳುತ್ತಾರೆ, ಅಳತೆ ಮಾಡಿದವರು ಎಂಬ ಜಾಗದಲ್ಲಿ, ಅಕ್ಷರ ಗುಂಡಗಿರಲಿ ಎಂದು ನಿನ್ನೆ ಮೊನ್ನೆಯೆಲ್ಲ ಹಳೆಯ ಕಾಗದದ ಮೇಲೆ ಬರೆದು ನೋಡಿದ್ದಳು, ಹುಚ್ಚಿ, ನಿನ್ನೆ ಅಲ್ಲ, ನಿನ್ನೆ ರಜೆ, ನಿನ್ನೆ ಅಪ್ಪನ ಕಿವಿ.

ಆ ಕೋಣೆಗೂ ಗಾಜು ಇತ್ತು. ಒಳಗೆ ಅಪ್ಪ, ತಲೆಗೆ ದೊಡ್ಡ ಕಪ್ಪು ಹೆಡ್‌ಫೋನು, ಹೊರಗೆ ಯಂತ್ರದ ಮುಂದೆ ಕಿವಿ ಪರೀಕ್ಷೆಯ ಹುಡುಗಿ, ಅವಳ ಹಿಂದೆ ಸ್ಟೂಲಿನ ಮೇಲೆ ಇವಳು, ಸದ್ದು ಕೇಳಿಸಿದ ತಕ್ಷಣ ಬೆರಳು ಎತ್ತಿ ತಾತ, ಎಷ್ಟು ಸಣ್ಣದಾದ್ರೂ ಪರವಾಗಿಲ್ಲ, ಕೇಳಿಸಿತೋ ಇಲ್ಲವೋ ಅನ್ನಿಸಿದ್ರೂ ಎತ್ತಿ ಎಂದು ಹುಡುಗಿ ಮೊದಲೇ ಕೂಗಿ ಹೇಳಿದ್ದಳು, ಅಪ್ಪ ಹೊಸ ಕೆಲಸಕ್ಕೆ ಸೇರಿದವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ, ಬಲಗೈಯ ತೋರುಬೆರಳು ಮಂಡಿಯ ಮೇಲೆ ಸಿದ್ಧವಾಗಿತ್ತು. ಮೊದಮೊದಲು ಎಷ್ಟು ಚೆನ್ನಾಗಿ ಎತ್ತುತ್ತಿದ್ದ. ಹುಡುಗಿ ಗುಂಡಿ ಒತ್ತಿದಳು, ಬೆರಳು ಬಂತು, ಸದ್ದು ಸಣ್ಣ ಮಾಡಿ ಒತ್ತಿದಳು, ಬಂತು, ಇನ್ನೂ ಸಣ್ಣ, ಬಂತು, ಇವಳಿಗೆ ಎದೆ ತುಂಬಿ ಬಂದಿತ್ತು, ಕಿವುಡು ಗಿವುಡು ಏನೂ ಇಲ್ಲ, ಮನೆಯಲ್ಲಿ ಕರೆದರೆ ತಿರುಗದೇ ಇರುವುದು ಹಟ ಅಷ್ಟೇ ಎಂದುಕೊಂಡಳು, ಅಷ್ಟರಲ್ಲಿ ಹುಡುಗಿ ಹಿಂದಕ್ಕೆ ತಿರುಗಿ ನಕ್ಕಳು, ಅಕ್ಕಾ, ನೀವು ತಲೆ ಆಡಿಸ್ತಾ ಇದ್ದೀರಿ. ನಾನಾ? ಹೂಂ, ನಾನು ಗುಂಡಿ ಒತ್ತಿದಾಗೆಲ್ಲ ನೀವು ಹೂಂ ಅನ್ನೋ ಥರ ತಲೆ ಆಡಿಸ್ತೀರಿ, ಅವರು ಕಿವಿಗೊಟ್ಟಿಲ್ಲ, ನಿಮ್ಮ ಮುಖ ನೋಡ್ತಿದ್ದಾರೆ, ಸ್ವಲ್ಪ ಆ ಕಡೆ ತಿರುಗಿ ಕೂತ್ಕೊಳ್ಳಿ. ಮುಖ ಕೆಂಪಾಗಿ ಹೋಯಿತು, ಸ್ಟೂಲು ಕರ್‍ರೆಂದಿತು, ತಿರುಗಿ ಕೂತಳು, ಎದುರಿಗೆ ಫೈಲು ತುಂಬಿದ ಕಪಾಟು, ಕಪಾಟಿಗೆ ಗಾಜಿನ ಬಾಗಿಲು, ಗಾಜಿನಲ್ಲಿ ಹಿಂದಿನದೆಲ್ಲ ಸಣ್ಣದಾಗಿ ಮಸುಕಾಗಿ ಕಾಣುತ್ತಿತ್ತು, ನೋಡಬಾರದು ಎಂದುಕೊಂಡೇ ನೋಡಿದಳು. ಹುಡುಗಿಯ ಎರಡು ಕೈಯೂ ಮಡಿಲಲ್ಲಿದ್ದವು. ಏನನ್ನೋ ಬರೆದುಕೊಂಡು ಪೆನ್ನು ಮುಚ್ಚಿ ಸುಮ್ಮನೆ ಕೂತಿದ್ದಳು, ಸದ್ದೇ ಇರಲಿಲ್ಲ, ಯಂತ್ರದಿಂದ ಏನೂ ಹೊರಡುತ್ತಿರಲಿಲ್ಲ, ಆದರೂ ಗಾಜಿನೊಳಗಿನ ಗಾಜಿನೊಳಗೆ ಅಪ್ಪನ ಬೆರಳು ಮೆಲ್ಲಗೆ ಮೇಲೆ ಬಂತು, ನಿಂತಿತು, ಯಾರಾದರೂ ಸರಿ ಅನ್ನಲಿ ಎಂದು ಕಾಯುತ್ತ —

ಬೇಡ, ಅದು ಈಗ ಬೇಡ. ಈಗ ಕೆಲಸ. ರಜೆ ಹಾಕಿದ್ದರಿಂದ ಕೆಲಸ ರಾಶಿ ಬಿದ್ದಿತ್ತು, ಅದಕ್ಕೇ ಇವತ್ತು ಎಲ್ಲ ಹಿಂದುಮುಂದಾಯಿತು, ಬಂದವಳೇ ರಬ್ಬರ್ ಕೈಗವಸು ಏರಿಸಿ ಔಷಧಿಯ ಹನಿಗಳನ್ನು ಮುಗಿಸಿದಳು, ಖಾಲಿ ಉಳಿದಿತ್ತು, ಗವಸು ಬಿಚ್ಚುವುದಕ್ಕೂ ಪುರುಸೊತ್ತಿಲ್ಲದೆ ಅದೇ ಕೈಯಲ್ಲಿ ಖಾಲಿಯನ್ನೂ ಹಾಕಿದಳು. ಅಷ್ಟೇ ವ್ಯತ್ಯಾಸ. ಎರಡು ವರ್ಷದಲ್ಲಿ ಅದೊಂದೇ ದಿನ. ಉಳಿದ ದಿನಗಳಲ್ಲಿ ಖಾಲಿ ಯಾವಾಗಲೂ ಮೊದಲು, ಬರಿಗೈಯಲ್ಲಿ, ಸೋಪು ಹಾಕಿ ಮೂರು ಸಲ ತೊಳೆದ ಬರಿಗೈಯಲ್ಲಿ, ಯಾಕೆಂದರೆ ಗವಸು ಹಾಕಿದರೆ ಅವಳ ಕೈ ಸುಡುತ್ತದೆ, ಮಣಿಕಟ್ಟಿನಿಂದ ಬೆರಳ ಸಂದಿಯವರೆಗೂ ಕೆಂಪು ದದ್ದು, ಒಳಗೆ ಹತ್ತಿಯ ಗವಸು ಹಾಕಿದರೂ ಅಷ್ಟೇ, ಹನಿಗೆ ಬೆರೆಸುವುದು ಬೀಜಕ್ಕೆ ಬೂಷ್ಟು ಹಿಡಿಯದಂತೆ ಬಳಿಯುವ ಔಷಧಿ, ಥೈರಾಂ, ವಿಷವೇ, ಅದನ್ನು ಮುಟ್ಟುವಾಗ ಗವಸು ಕಡ್ಡಾಯ ಎಂದು ಗೋಡೆಯ ಮೇಲೆ ಬರೆದಿದೆ, ಬರೀ ನೀರಿಗೆ ಯಾಕೆ, ನೀರೇನು ಕಚ್ಚುತ್ತದೆಯೇ, ದಿನಕ್ಕೆ ಒಂದು ಗಂಟೆಯಾದರೂ ಚರ್ಮಕ್ಕೆ ಬಿಡುವು ಸಿಗಲಿ ಎಂದು ಅವಳು ತಾನಾಗಿಯೇ ಮಾಡಿಕೊಂಡ ಪದ್ಧತಿ, ಯಾರಿಗೂ ಹೇಳಲಿಲ್ಲ, ಮುಚ್ಚಿಡಬೇಕು ಅಂತಲ್ಲ, ಕೈ ತುರಿಸುತ್ತದೆ ಎಂದು ದೊಡ್ಡವರ ಮುಂದೆ ಹೇಗೆ ಹೇಳುವುದು, ಸೀಸೆ ತೊಳೆಯಲು ಬಂದವಳನ್ನು ಸಂಜೆ ಕಾಲೇಜಿಗೆ ಕಳಿಸಿ ಈ ಯಂತ್ರದ ಮುಂದೆ ಕೂರಿಸಿದವರು ಅವರು. ಚರ್ಮದ ಡಾಕ್ಟರು ಬೆನ್ನಿನ ಮೇಲೆ ಇಪ್ಪತ್ತು ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ಕಿತ್ತು ನೋಡಿದ್ದರು, ಒಂದರ ಕೆಳಗೆ ಮಾತ್ರ ಬೆಂಕಿ, ನಿಮಗೆ ರಬ್ಬರ್ ಆಗಿಬರಲ್ಲ ಅಂದರು, ಕಾಗದದ ಮೇಲೆ ಉದ್ದದ ಹೆಸರು ಬರೆದುಕೊಟ್ಟರು, ಅವಳು ಮಡಿಸಿ ಕೈಚೀಲದೊಳಗೆ ಹಾಕಿದ್ದಳು. ಇವತ್ತು ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಆ ಕಾಗದವೇ ಕೈಗೆ ಬರಬೇಕೇ. ಥೈಯುರಾಂ. ಥೈರಾಂ. ಒಂದೇ ಮನೆತನದವು, ರಬ್ಬರನ್ನು ಗಟ್ಟಿ ಮಾಡಲು ಅದನ್ನೇ ಬೆರೆಸುತ್ತಾರೆ, ಡಬ್ಬಿ ಮುಚ್ಚಿಬಿಟ್ಟಳು, ಊಟ ಇನ್ನೂ ಹಾಗೇ ಇದೆ, ಗವಸಿನ ಬೆರಳಿನಿಂದ ಉಗುರಿನಷ್ಟು ತುಂಡು ಕತ್ತರಿಸಿ ನೀರಲ್ಲಿ ಒಂದು ನಿಮಿಷ ನೆನೆಸಿ ಆ ನೀರಿನ ಹನಿ ಇಟ್ಟು ನೋಡಿದಳು, ಪರದೆಯ ಮೇಲೆ ಗುಡ್ಡ ಎದ್ದಿತು. ಎರಡು ವರ್ಷ ಯಂತ್ರ ಹುಡುಕಿದ್ದನ್ನು ಅವಳ ಬೆನ್ನು ಎರಡೇ ದಿನದಲ್ಲಿ ಕಂಡುಹಿಡಿದು ಹೇಳಿತ್ತು, ಅವಳೇ ಓದಲಿಲ್ಲ.

ಅಕ್ಕಾ, ಇನ್ನೂ ಖಾಲಿಯಲ್ಲೇ ಇದ್ದೀರಾ? ಬಾಗಿಲು ತೆರೆದದ್ದೇ ಗೊತ್ತಾಗಲಿಲ್ಲ, ಡಾಕ್ಟರಮ್ಮ, ಇನ್ನೂ ಡಾಕ್ಟರಾಗಿಲ್ಲ, ಪಿಎಚ್‌ಡಿ ಪ್ರಬಂಧ ಒಪ್ಪಿಸಿದ ಮೇಲೆ ಆಗುತ್ತಾಳೆ, ಆದರೆ ಕೋಣೆಯಲ್ಲಿ ಎಲ್ಲರೂ ಈಗಲೇ ಹಾಗೆ ಕರೆಯುತ್ತಾರೆ, ಕರೆದಾಗ ಬೈಯುತ್ತಾಳೆ, ಕರೆಯದಿದ್ದರೆ ಮುಖ ಸಣ್ಣದು ಮಾಡುತ್ತಾಳೆ. ಇವಳ ಕೈ ತಾನಾಗಿ ಪರದೆಯ ಗುಂಡಿಗೆ ಹೋಯಿತು, ಪರದೆ ಕಪ್ಪಾಯಿತು, ಯಾಕೆ ಆರಿಸಿದೆ ನಾನು, ಕಳ್ಳಿಯ ಹಾಗೆ. ಕಣ್ಣು ನೋಯ್ತಿತ್ತು ಡಾಕ್ಟರಮ್ಮ, ಒಂದು ನಿಮಿಷ ಅಂತ. ನೋಯದೇ ಏನಾಗುತ್ತೆ, ಏನೂ ಇಲ್ಲದ್ದನ್ನ ದಿನಾ ಇಷ್ಟು ಹೊತ್ತು ನೋಡೋರು ಪ್ರಪಂಚದಲ್ಲಿ ನೀವೊಬ್ರೇ, ನಮ್ಮಮ್ಮ ಕೇಳಿದ್ರು, ನಿಮ್ಮ ಅಕ್ಕ ಅಲ್ಲಿ ಏನು ಕೆಲಸ ಮಾಡ್ತಾರೆ ಅಂತ, ಖಾಲಿ ಕೂತಿರೋ ಕೆಲಸ ಅಂದೆ, ಅದನ್ನ ನಾನೂ ಮಾಡ್ತೀನಲ್ಲ ಅಂದ್ರು. ನಕ್ಕಳು, ಇವಳೂ ನಕ್ಕಳು, ನಗು ಎಲ್ಲಿಂದ ಬಂತೋ. ಡಾಕ್ಟರಮ್ಮನ ಕೈಯಲ್ಲಿ ಪ್ರಬಂಧದ ಹೊದಿಕೆಯ ಬಣ್ಣದ ಮಾದರಿಗಳಿದ್ದವು, ನೀಲಿ, ಕಡುನೀಲಿ, ಇನ್ನೊಂದೂ ನೀಲಿಯೇ, ಯಾವುದು ಚೆನ್ನಾಗಿದೆ ಹೇಳಿ ಅಕ್ಕಾ, ಅಪ್ಪ ಮೂರೂ ಒಂದೇ ಅಂತಾರೆ. ಇವಳು ಮೂರನ್ನೂ ಬೆಳಕಿಗೆ ಹಿಡಿದಳು. ಒಳಗಿನ ಐದನೆಯ ಅಧ್ಯಾಯ ಪೂರ್ತಿ ಇವಳ ಹನಿಗಳು, ಕೋಟಿಗೆ ಒಂದು ಪಾಲಿನಿಂದ ಇಳಿದು ಇಳಿದು ನೂರು ಕೋಟಿಗೆ ಒಂದು ಪಾಲಿನವರೆಗೆ, ಅಷ್ಟು ಕಡಿಮೆ ಔಷಧಿಯನ್ನು ಇಷ್ಟು ಸಣ್ಣ ಯಂತ್ರದಲ್ಲಿ ಯಾರೂ ಕಂಡಿರಲಿಲ್ಲವಂತೆ, ಅದನ್ನು ಇಲ್ಲಿ ತಳ ಎನ್ನುತ್ತಾರೆ, ಇದಕ್ಕಿಂತ ಕೆಳಗೆ ಕಾಣುವುದಿಲ್ಲ ಅನ್ನುವ ಜಾಗ, ತಳ ಎಷ್ಟು ಬಂತು ಎಂದು ದೊಡ್ಡವರು ದಿನಾ ಕೇಳುತ್ತಿದ್ದರು, ಸಂತೆಯಲ್ಲಿ ದರ ಕೇಳುವ ಹಾಗೆ. ಕಡುನೀಲಿ ಅಂದಳು. ನಾನೂ ಅದೇ ಅಂದ್ಕೊಂಡೆ ಅಕ್ಕಾ ಎಂದು ಡಾಕ್ಟರಮ್ಮ ಇವಳ ಭುಜ ಅಮುಕಿ ಹೋದಳು, ಭುಜದ ಮೇಲೆ ಆ ಬಿಸಿ ಇನ್ನೂ ಇದೆ, ಹೇಳಬೇಕಿತ್ತು, ಆಗಲೇ ಹೇಳಿಬಿಡಬೇಕಿತ್ತು, ಯಾವ ಮುಖ ಇಟ್ಟುಕೊಂಡು ಹೇಳುವುದು, ಡಾಕ್ಟರಮ್ಮ, ನಿಮ್ಮ ಐದನೆಯ ಅಧ್ಯಾಯ ನನ್ನ ಗವಸು.

ಗೊತ್ತಿರಲಿಲ್ಲವೇ ನಿನಗೆ, ನಿಜ ಹೇಳು. ಕೋಟಿಗೆ ಒಂದು ಪಾಲಿನವರೆಗೂ ಮೊನೆ ಸರಿಯಾಗಿ ಇಳಿಯುತ್ತಿತ್ತು, ಔಷಧಿ ಅರ್ಧ ಮಾಡಿದರೆ ಮೊನೆಯೂ ಹೆಚ್ಚುಕಡಿಮೆ ಅರ್ಧ, ಅಲ್ಲಿಂದ ಕೆಳಗೆ ಔಷಧಿ ಇಳಿದರೂ ಮೊನೆ ಇಳಿಯಲಿಲ್ಲ, ನೆಲ ಸಿಕ್ಕಿದ ಹಾಗೆ ನಿಂತುಬಿಟ್ಟಿತು, ಹತ್ತು ಪಟ್ಟು ತೆಳು ಮಾಡಿದರೂ ಅಷ್ಟೇ, ನೂರು ಪಟ್ಟು ಮಾಡಿದರೂ ಅಷ್ಟೇ, ಒಮ್ಮೆ ಕೇಳಿದ್ದಳು, ಸಾರ್, ಇದು ಯಾಕೆ ಇಳೀತಿಲ್ಲ, ದೊಡ್ಡವರು ಒಂದು ಕ್ಷಣ ಯೋಚಿಸಿ ಅದು ಬೆಳ್ಳಿಯ ಗುಣ ಅಂದರು, ಅವರು ಅಂದ ಮೇಲೆ ಮುಗಿಯಿತು, ಸಂಜೆ ಕಾಲೇಜಿನವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಆದರೆ ಅಲ್ಲಿ ಲೆಕ್ಕದ ಮೇಷ್ಟ್ರು ಹಾಜರಿ ಹಾಕುವಾಗ ಬಂದವರನ್ನು ಕರೆಯುತ್ತಲೇ ಇರಲಿಲ್ಲ, ಬಾಗಿಲಲ್ಲಿ ನಿಂತು ಮೊದಲು ಖಾಲಿ ಬೆಂಚು ಎಣಿಸುತ್ತಿದ್ದರು, ದಿನವೆಲ್ಲ ದುಡಿದು ಬಂದವರ ಕಣ್ಣು ಎಳೆಯುತ್ತಿತ್ತು, ಅವರು ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು, ಖಾಲಿಯನ್ನು ಹತ್ತು ಸಲ ಅಳೆಯಿರಿ, ಅದರ ಸರಾಸರಿ ತೆಗೆಯಿರಿ, ಅದು ಎಷ್ಟು ಅಲುಗುತ್ತದೆ ನೋಡಿ, ಆ ಅಲುಗಾಟದ ಮೂರು ಪಟ್ಟು ಮೇಲೆ ಎದ್ದದ್ದು ಮಾತ್ರ ಇದೆ, ಅದರ ಕೆಳಗಿನದೆಲ್ಲ ನಿಮ್ಮ ಆಸೆ. ನಿಮ್ಮ ಆಸೆ ಎಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಿದ್ದಳು, ನಿಮ್ಮ ಆಸೆ, ಕೆಳಗೆ ಗೆರೆ ಎಳೆದು. ಗೆರೆ ಎಳೆದು ಏನು ಬಂತು.

ಹೇಳದಿದ್ದರೆ ಏನಾಗುತ್ತದೆ. ಏನೂ ಆಗುವುದಿಲ್ಲ. ಇವತ್ತಿನ ಖಾಲಿ ಕೆಟ್ಟಿತು, ನಾಳೆ ಬರಿಗೈಯಲ್ಲಿ ಮತ್ತೆ ತೆಗೆದರೆ ಗೆರೆ ಮಲಗಿರುತ್ತದೆ, ತಖ್ತೆ ಹಾಗೇ ಉಳಿಯುತ್ತದೆ, ಗೊತ್ತಿರುವವಳು ಅವಳೊಬ್ಬಳೇ, ಅವಳು ಮಾತು ಕಡಿಮೆಯವಳೆಂದೇ ಹೆಸರು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಒಂಬತ್ತು ಬಾಟಲಿಗಳಿವೆ, ಬೀಜಕ್ಕೆ ಔಷಧಿ ಬಳಿಯುವ ಶೆಡ್ಡಿನ ಇಳಿಜಾರಿನಲ್ಲಿರುವ ಮನೆಗಳ ಬಾವಿ ನೀರು, ತಖ್ತೆಗೆ ಸಹಿಯಾದ ಮೇಲೆ ಆ ನೀರನ್ನು ಇದೇ ವಿಧಾನದಲ್ಲಿ ನೋಡಬೇಕು, ಇಲ್ಲಿ ಅಲ್ಲ, ನೀರು ಪರೀಕ್ಷೆಯ ಕಚೇರಿಯಲ್ಲಿ, ಅಲ್ಲಿಯವರು ತಖ್ತೆಯ ಕೊನೆಯ ಸಾಲನ್ನೇ ನಂಬುತ್ತಾರೆ, ನೂರು ಕೋಟಿಗೆ ಒಂದು ಪಾಲಿದ್ದರೂ ಕಾಣುತ್ತದೆ ಎಂದು ನಂಬಿ ಹುಡುಕುತ್ತಾರೆ. ಗವಸು ಹಾಕಿದವನಿಗೆ ಎಲ್ಲ ಬಾವಿಯಲ್ಲೂ ವಿಷ, ಹಾಕದವನಿಗೆ ಎಲ್ಲೂ ಇಲ್ಲ. ಇಲ್ಲ ಎಂದು ಬರೆದುಕೊಡುತ್ತಾರೆ. ಇಲ್ಲ ಅನ್ನುವುದು ಎಷ್ಟು ದೊಡ್ಡ ಮಾತು, ಕಾಣುವಷ್ಟು ಕಣ್ಣಿದ್ದವರು ಮಾತ್ರ ಆಡಬೇಕಾದ ಮಾತು, ಒಂದು ಬಾಟಲಿಯ ಚೀಟಿಯ ಮೇಲೆ ಯಾರೋ ಬಾಲ್ ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದಿದ್ದಾರೆ, ಹಿಂದಿನ ಮನೆ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ, ಕುಡಿಯೋದಕ್ಕೂ ಇದೇ. ಕುಡಿಯೋದಕ್ಕೂ ಇದೇ. ಬರೆದವರಿಗೆ ಯಾರೂ ಅದನ್ನು ಬರೆಯಲು ಹೇಳಿರಲಿಲ್ಲ, ಚೀಟಿಯಲ್ಲಿ ಅದಕ್ಕೆ ಜಾಗವೂ ಇಲ್ಲ, ಅಂಚಿನಲ್ಲಿ ತಿರುಗಿಸಿ ಬರೆದಿದ್ದಾರೆ.

ನಿನ್ನೆ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ, ಅವಳು ಒಳಗೆ. ಎರಡು ನಿಲ್ದಾಣ ದಾಟಿದ ಮೇಲೆ ಇದ್ದಕ್ಕಿದ್ದಂತೆ ತನ್ನ ಎಂದಿನ ದನಿಯಲ್ಲಿ, ತನಗೆ ಪಿಸುಮಾತು ಅನ್ನಿಸುವ, ಬಸ್ಸಿಗೆಲ್ಲ ಕೇಳುವ ದನಿಯಲ್ಲಿ ಹೇಳಿದ, ಆ ಹುಡುಗಿ ಮೋಸ ಮಾಡ್ತು ಕಣೇ, ಸದ್ದೇ ಬಿಡ್ತಿರಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿದರು. ಮತ್ತೆ ಯಾಕಪ್ಪಾ ಬೆರಳು ಎತ್ತಿದೆ? ಏನು? ಬೆರಳು, ಯಾಕೆ ಎತ್ತಿದೆ ಅಂದೆ! ಈಗ ಇಡೀ ಬಸ್ಸು ತಿರುಗಿತು. ಅಪ್ಪ ತನ್ನ ಬೆರಳನ್ನೇ ನೋಡಿಕೊಂಡ, ನೀನು ಆ ಕಡೆ ತಿರುಗಿಬಿಟ್ಟೆಯಲ್ಲ, ಹೊತ್ತಾಯ್ತು, ಇಷ್ಟು ಹೊತ್ತಿಗೆ ಒಂದು ಬಂದಿರಬೇಕು ಅನ್ನಿಸ್ತು, ಎತ್ತಿದೆ. ಅವಳಿಗೆ ನಗುವೂ ಬಂತು, ಬೇಡವೆಂದರೂ ಕಣ್ಣಲ್ಲಿ ನೀರೂ ಬಂತು, ಮೂವತ್ತೊಂದು ವರ್ಷ ಡಬ್ಬಿ ಕಾರ್ಖಾನೆಯಲ್ಲಿ ಕಿವಿಯಿಂದಲೇ ಅನ್ನ ತಿಂದವನು, ಊಟದ ಪದಾರ್ಥ ತುಂಬಿ ಮುಚ್ಚಿದ ತಗಡಿನ ಡಬ್ಬಿಗಳು ಸಾಲಾಗಿ ಬರುತ್ತಿದ್ದವು, ಕೈಯಲ್ಲಿ ಪೆನ್ಸಿಲಿನಷ್ಟು ಉದ್ದದ ಕಬ್ಬಿಣದ ಕಡ್ಡಿ, ಒಂದೊಂದರ ಮುಚ್ಚಳಕ್ಕೂ ಟಣ್, ಟಣ್, ಟಣ್, ಗಾಳಿ ಹೊಕ್ಕಿದ್ದರೆ ಟಪ್, ಟಪ್ ಅಂದದ್ದನ್ನು ಎತ್ತಿ ಪಕ್ಕದ ಬುಟ್ಟಿಗೆ ಹಾಕುವುದು, ಒಳಗಿನದು ಕೊಳೆತಿರುತ್ತದೆ, ತಿಂದವರು ಸಾಯಲೂಬಹುದು, ಚಿಕ್ಕವಳಿದ್ದಾಗ ಮನೆಯ ಲೋಟ ತಟ್ಟೆ ಬಕೆಟ್ಟು ಎಲ್ಲಕ್ಕೂ ತಟ್ಟಿ ಹೇಳುತ್ತಿದ್ದ, ಅವಳ ನೆತ್ತಿಗೂ ಒಮ್ಮೆ ತಟ್ಟಿ, ಟಪ್, ಇದು ಖಾಲಿ, ವಾಪಸು ಕಳಿಸಿ ಎಂದು ನಗಿಸುತ್ತಿದ್ದ. ಬಸ್ಸು ಸಿಗ್ನಲ್ಲಿಗೆ ನಿಂತಿತು, ಎಂಜಿನ್ ಆರಿತು, ಸುತ್ತಲೂ ನಿಶ್ಶಬ್ದ, ಅಪ್ಪ ಆಗಲೇ ಹೇಳಬೇಕೇ, ಕೊನೇ ಎರಡು ವರ್ಷ ನನಗೆ ಡಬ್ಬಿ ಕೇಳಿಸ್ತಿರಲಿಲ್ಲ. ಏನಂದೆ ಅಪ್ಪಾ? ಟಣ್ಣೂ ಕೇಳಿಸ್ತಿರಲಿಲ್ಲ, ಟಪ್ಪೂ ಕೇಳಿಸ್ತಿರಲಿಲ್ಲ, ಪಕ್ಕದ ಸಾಲಿನವನ ಮುಖ ನೋಡ್ತಿದ್ದೆ, ಅವನು ಹುಬ್ಬು ಗಂಟಿಕ್ಕಿದ್ರೆ ತೆಗೀತಿದ್ದೆ, ಇಲ್ಲದಿದ್ರೆ ಬಿಡ್ತಿದ್ದೆ. ಯಾರಿಗೂ ಹೇಳ್ಲಿಲ್ವಾ? ಹೇಳೋಣ ಅಂತ ದಿನಾ ಹೋಗ್ತಿದ್ದೆ, ದಿನಾ ಎಲ್ರೂ ನಿನ್ನಂಥ ಕಿವಿ ಯಾರಿಗಿದೆಯಪ್ಪ ಅನ್ನೋರು. ಆಮೇಲೆ ಏನಾದ್ರೂ ಆಯ್ತಾ, ಯಾರಿಗಾದ್ರೂ? ಅವಳು ಕೂಗಲೇಬೇಕಿತ್ತು, ಕೂಗಿದಳು, ಅಪ್ಪ ಕಿಟಕಿಯ ಕಡೆ ತಿರುಗಿದ. ಗೊತ್ತಿಲ್ಲ ಮಗಳೇ, ಡಬ್ಬಿ ತುಂಬ ದೂರ ಹೋಗ್ತವೆ. ಮುಂದಿನ ಸೀಟಿನ ಹೆಂಗಸು ತನ್ನ ಮಡಿಲಿನ ಚೀಲವನ್ನು ಸುಮ್ಮನೆ ಹತ್ತಿರ ಎಳೆದುಕೊಂಡಳು. ಹಸಿರಾಯಿತು. ಇಳಿಯುವಾಗ ಅಪ್ಪ ಅವಳ ಕೈ ಹಿಡಿದ, ದದ್ದಿನ ಮೇಲೆ ಹಿಡಿದ, ಉರಿಯಿತು, ಬಿಡಿಸಿಕೊಳ್ಳಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ. ಪರದೆ ಮತ್ತೆ ಹಚ್ಚಿದಳು, ಮೊನೆ ಅಲ್ಲೇ ಕಾದಿತ್ತು, ಎಲ್ಲಿಗೂ ಹೋಗಿರಲಿಲ್ಲ. ಗವಸು ಎಳೆದು ತೆಗೆದಳು, ಒಳಗಿನ ಹತ್ತಿಯದನ್ನೂ ತೆಗೆದಳು, ಕೈ ಬೇಯಿಸಿದ ಹಾಗಿದೆ, ಪುಟ ಸಂಖ್ಯೆ ಅಚ್ಚಾದ ದಪ್ಪ ಪುಸ್ತಕ ತೆರೆದಳು, ಇದರಲ್ಲಿ ಪೆನ್ಸಿಲ್ ಕೂಡದು, ಹರಿಯುವ ಹಾಗಿಲ್ಲ, ಹೊಡೆದು ಹಾಕಿದರೂ ಕೆಳಗಿನದು ಓದುವಂತಿರಬೇಕು, ನೂರ ಎಂಬತ್ತೆರಡನೆಯ ಪುಟ, ಬರೆದಳು, ಖಾಲಿ, ಗವಸಿನೊಂದಿಗೆ, ನಾಲ್ಕು ಸಲ, ನಾಲ್ಕರಲ್ಲೂ ಇದೆ. ಅದರ ಕೆಳಗೆ, ಹಿಂದಿನ ಖಾಲಿಗಳೆಲ್ಲ ಗವಸಿಲ್ಲದೆ, ಔಷಧಿಯ ಹನಿಗಳೆಲ್ಲ ಗವಸಿನೊಂದಿಗೆ, ತಪ್ಪು ನನ್ನದು. ತಪ್ಪು ನನ್ನದು ಎಂದು ಲ್ಯಾಬಿನ ಪುಸ್ತಕದಲ್ಲಿ ಬರೆಯುತ್ತಾರೆಯೇ, ಗೊತ್ತಿಲ್ಲ, ಅದಕ್ಕೂ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದಳು. ಪೆನ್ನು ಮುಚ್ಚುವ ಹೊತ್ತಿಗೆ ದೊಡ್ಡವರ ಚಪ್ಪಲಿಯ ಸದ್ದು, ಅವರು ಯಾವಾಗಲೂ ಬಲಗಾಲು ಸ್ವಲ್ಪ ಎಳೆಯುತ್ತಾರೆ, ಹಿಂದೆ ಡಾಕ್ಟರಮ್ಮ, ಅವಳು ಒಳಗೆ ಬರಲಿಲ್ಲ, ಬಾಗಿಲಿನ ಗಾಜಿನ ಆಚೆ ನಿಂತಳು, ಕಡುನೀಲಿಯ ಮಾದರಿ ಎದೆಗೊತ್ತಿಕೊಂಡು. ಏನಮ್ಮಾ, ನಮ್ಮ ಖಾಲಿ ತಜ್ಞೆ, ಸಹಿ ರೆಡಿಯಾ? ಅವಳು ಪುಸ್ತಕವನ್ನು ಅವರ ಕಡೆ ತಿರುಗಿಸಿದಳು. ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು, ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗವಸಾ, ಅಂದರು. ಹೌದು ಸಾರ್. ತುಂಡು ನೆನೆಸಿ ನೋಡ್ದೆಯಾ? ನೋಡ್ದೆ ಸಾರ್, ಗುಡ್ಡ ಎದ್ದಿದೆ. ಹೂಂ. ಅವರ ದನಿ ತೀರ ಮೆತ್ತಗಾಯಿತು, ಮನೆಯವರ ಹತ್ತಿರ ಮಾತಾಡುವ ದನಿ, ನೋಡಮ್ಮಾ, ಎರಡು ವರ್ಷದ ಖಾಲಿ ಚೆನ್ನಾಗಿದೆ, ಒಂದು ದಿನದ್ದು ಕೆಟ್ಟಿದೆ, ಕಡೇ ಹಂತದ ಹನಿಗಳನ್ನ ಹಾಕಿದ್ದು ನೀನೇ, ಎಷ್ಟು ಮುಟ್ಟಿದ್ದೆ, ಎಷ್ಟು ಮುಟ್ಟಿರಲಿಲ್ಲ ಅನ್ನೋದು ನಿನಗೇ ಗೊತ್ತು, ಚೂರಿನ ಅಂಚಿಗೆ ಬೆರಳು ತಾಗದೇ ಇದ್ದ ದಿನಗಳೂ ಇರಬೇಕಲ್ಲ, ನೆನಪು ಮಾಡ್ಕೊಂಡು ಹೇಳು, ಗವಸನ್ನ ಪಕ್ಕಕ್ಕಿಟ್ಟು ಹೇಳು, ಅಷ್ಟು ಕೆಳಗೆ ನಮಗೆ ಕಾಣಿಸ್ತಾ ಇದೆಯಾ ಇಲ್ವಾ? ಕೇಳಿ ಅವಳ ಮುಖವನ್ನೇ ನೋಡಿದರು. ನಾನು ಹೇಳಿದ್ದೇ ಬರೆಯುತ್ತಾರೆ. ಹೂಂ ಅಂದರೆ ಹೂಂ. ಅವರ ಭುಜದ ಮೇಲಿಂದ ಗಾಜು ಕಂಡಿತು, ಗಾಜಿನ ಆಚೆ ಡಾಕ್ಟರಮ್ಮನ ಮುಖ, ಅವಳಿಗೆ ಮಾತು ಕೇಳಿಸುತ್ತಿರಲಿಲ್ಲ, ಏನೋ ಕೆಟ್ಟಿದೆ ಎಂದು ಮಾತ್ರ ಗೊತ್ತಾಗಿತ್ತು, ಕಣ್ಣು ದೊಡ್ಡದು ಮಾಡಿ ಇವಳನ್ನೇ ನೋಡುತ್ತ, ತಾನು ಮಾಡುತ್ತಿರುವುದು ತನಗೇ ತಿಳಿಯದೆ, ಮೆಲ್ಲಗೆ, ಮಗುವಿಗೆ ಉತ್ತರ ಹೇಳಿಕೊಡುವವರ ಹಾಗೆ, ತಲೆ ಆಡಿಸುತ್ತಿದ್ದಳು, ಹೂಂ, ಹೂಂ, ಹೂಂ. ಎಷ್ಟು ಸುಲಭ. ಇಷ್ಟು ಹೊತ್ತಾಯಿತು, ಒಂದು ಬಂದಿರಬೇಕು. ಕೆಂಪು ಕೈ ಮಡಿಲಲ್ಲಿತ್ತು, ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದಳು, ಉರಿಯಿತು, ಬಿಡಲಿಲ್ಲ. ಕಾಣಿಸಲ್ಲ ಸಾರ್, ಅಂದಳು, ಕೋಟಿಗೆ ಒಂದರ ಕೆಳಗೆ ನಮಗೆ ಏನೂ ಕಾಣಿಸ್ತಿಲ್ಲ. ದನಿ ತನ್ನದೋ ಅಲ್ಲವೋ, ತುಂಬ ಜೋರಾಗಿ ಬಂದಿರಬೇಕು, ಅಪ್ಪನ ದನಿಯಷ್ಟು, ಏಕೆಂದರೆ ಗಾಜಿನ ಆಚೆಯ ತಲೆ ನಿಂತುಹೋಯಿತು. ದೊಡ್ಡವರು ಕನ್ನಡಕ ಹಾಕಿಕೊಂಡರು, ಏನೋ ಹೇಳುತ್ತಿದ್ದಾರೆ, ತುಟಿ ಅಲುಗುತ್ತಿದೆ, ಮೊದಲಿಂದ, ಎಲ್ಲ ಮೊದಲಿಂದ, ಅದರಾಚೆ ಅವಳಿಗೆ ಕೇಳಿಸುತ್ತಿಲ್ಲ, ಯಂತ್ರದ ಕೆಂಪು ದೀಪ, ಪರದೆಯ ಮೇಲೆ ಖಾಲಿ ಹನಿಯ ಮೊನೆ, ನೆಟ್ಟಗೆ, ಸಿದ್ಧವಾಗಿ, ನಿನ್ನೆಯ ಆ ಕಪಾಟಿನ ಗಾಜಿನಲ್ಲಿ ಸಣ್ಣದಾಗಿ ಮಸುಕಾಗಿ ಅಪ್ಪ, ಕಿವಿ ಪರೀಕ್ಷೆಯ ಹುಡುಗಿಯ ಎರಡು ಕೈಯೂ ಮಡಿಲಲ್ಲಿವೆ, ಸದ್ದಿಲ್ಲ, ಅಪ್ಪನ ಬೆರಳು ಮೇಲೆ ಬಂದಿದೆ, ಯಾರೂ ಸರಿ ಅನ್ನುತ್ತಿಲ್ಲ, ಬೆರಳು ಇಳಿಯುತ್ತಿಲ್ಲ, ಸದ್ದಿಲ್ಲ, ಬೆರಳು —